ರಜೆಯ ಓದು ಕೊನೆಯ ವಾರಕ್ಕೆ ಬೀಳದಂತೆ ನೋಡಿಕೊಳ್ಳುವುದು ಹೇಗೆ?

6, 7, 8ನೇ ತರಗತಿಯ ಮಕ್ಕಳಿಗೆ ಬೇಸಿಗೆ ರಜೆಗೆಂದು ಶಾಲೆ ಕೊಡುವ ಓದಿನ ಕೆಲಸ ಸಾಮಾನ್ಯವಾಗಿ ಇಷ್ಟೇ: ಎರಡು ಪುಸ್ತಕ ಓದಬೇಕು, ಅವುಗಳ ಬಗ್ಗೆ ಏನಾದರೂ ಬರೆದು ತರಬೇಕು. ಕೇಳುವಾಗ ಸಣ್ಣದು. ಆದರೂ ಎಷ್ಟೋ ಮನೆಗಳಲ್ಲಿ ಅದು ರಜೆಯ ಕೊನೆಯ ನಾಲ್ಕು ದಿನಕ್ಕೆ ಬಂದು ನಿಲ್ಲುತ್ತದೆ. ಆಗ ಮಗು ಮೊದಲ ಮತ್ತು ಕೊನೆಯ ಅಧ್ಯಾಯ ನೋಡಿ, ಹಿಂಬದಿಯ ರಕ್ಷಾಪುಟದ ಮಾತುಗಳನ್ನೇ ತಿರುಗಿಸಿ ಬರೆಯುತ್ತದೆ. ಇದಕ್ಕೆ ಮಗುವಿನ ಸೋಮಾರಿತನವನ್ನು ದೂರುವ ಮೊದಲು ಎರಡು ಸಂಗತಿ ನೋಡಬೇಕು. ಈ ಮಗು ಒಂದು ಸಲ ಕೂತರೆ ಎಷ್ಟು ಪುಟ ಓದುತ್ತದೆ ಎಂದು ಯಾರೂ ಅಳೆದಿರುವುದಿಲ್ಲ. ಬರೆಯುವ ಕೆಲಸವನ್ನು ಇಡಿಯಾಗಿ ಓದು ಮುಗಿದ ಮೇಲಕ್ಕೆ ತಳ್ಳಿರುತ್ತಾರೆ. ಇವೆರಡನ್ನು ಸರಿಮಾಡಿಕೊಂಡರೆ ದಿನಕ್ಕೆ ಅರ್ಧ ಗಂಟೆಯೊಳಗೆ ಕೆಲಸ ಮುಗಿಯುತ್ತದೆ.

ಶಾಲೆ ಮುಚ್ಚುವ ಮೊದಲು

ಶಾಲೆ ಕೊಟ್ಟ ಚೀಟಿಯನ್ನು ಮಗುವಿನ ಜೊತೆ ಕೂತು ಒಮ್ಮೆ ಗಟ್ಟಿಯಾಗಿ ಓದಿ. ಎಷ್ಟು ಪುಸ್ತಕ, ಪಟ್ಟಿಯಿಂದಲೇ ಆರಿಸಬೇಕೇ, ಬರೆದು ಕೊಡಬೇಕಾದ್ದು ಎಷ್ಟು ಪುಟ, ಯಾವ ದಿನದೊಳಗೆ ಎಂಬುದನ್ನು ಬೇರೆ ಹಾಳೆಯಲ್ಲಿ ಗುರುತು ಮಾಡಿ. ಚೀಟಿಯಲ್ಲಿ ಇಲ್ಲದ ಮೂರು ವಿಷಯಗಳನ್ನು ಶಿಕ್ಷಕರನ್ನೇ ಕೇಳಿಬಿಡಿ: ಅನುವಾದಿತ ಪುಸ್ತಕ ಆಗಬಹುದೇ, ಸಂಕ್ಷಿಪ್ತ ಆವೃತ್ತಿ ಆಗಬಹುದೇ, ಪುಸ್ತಕವನ್ನು ಆಡಿಯೊದಲ್ಲಿ ಕೇಳಿದರೆ ಓದಿದಂತೆ ಲೆಕ್ಕವೇ? ರಜೆ ಶುರುವಾದ ಮೇಲೆ ಇದಕ್ಕೆ ಉತ್ತರ ಸಿಗುವುದು ಕಷ್ಟ. ಒಂದು ಪುಟದ ಅಭಿಪ್ರಾಯ ಕೇಳಿದ್ದಲ್ಲಿ ಹತ್ತು ಪುಟದ ಸಾರಾಂಶ ಬರೆದು, ಕೈನೋವು ಮಾಡಿಕೊಂಡು, ಕಡಿಮೆ ಅಂಕ ಪಡೆಯುವ ಮಕ್ಕಳು ಪ್ರತಿ ವರ್ಷ ಇರುತ್ತಾರೆ.

ಪುಸ್ತಕ ಆರಿಸುವುದು

ಮಗು ತಾನೇ ಆರಿಸಲಿ. ಇದನ್ನು ಬರೀ ಅಕ್ಕರೆಯಿಂದ ಹೇಳುತ್ತಿಲ್ಲ. ರಿಚರ್ಡ್ ಆಲಿಂಗ್ಟನ್, ಆ್ಯನ್ ಮೆಕ್‌ಗಿಲ್-ಫ್ರಾನ್ಜೆನ್ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬಡ ಕುಟುಂಬಗಳ ಪ್ರಾಥಮಿಕ ಶಾಲೆ ಮಕ್ಕಳು ಸತತ 3 ಬೇಸಿಗೆ, ಪ್ರತಿ ಸಲ 12 ಪುಸ್ತಕಗಳನ್ನು ತಾವೇ ಆರಿಸಿಕೊಂಡು ಮನೆಗೆ ಒಯ್ದರು. ಪುಸ್ತಕ ಸಿಗದ ಮಕ್ಕಳಿಗಿಂತ ಅವರ ಓದಿನ ಮಟ್ಟ ಮೇಲಿತ್ತು. ಆರಿಸಿಕೊಂಡ ಪುಸ್ತಕ ದೊಡ್ಡವರ ಕಣ್ಣಿಗೆ ಹಗುರ ಅನ್ನಿಸಿದರೂ ಸುಮ್ಮನಿರಿ.

ಕಷ್ಟದ ಮಟ್ಟ ನೋಡಲು ಐದು ಬೆರಳಿನ ಪರೀಕ್ಷೆ ಸಾಕು. ಪುಸ್ತಕದ ನಡುವಿನ ಒಂದು ಪುಟ ತೆರೆದು ಓದುವುದು, ಅರ್ಥವಾಗದ ಪ್ರತಿ ಪದಕ್ಕೂ ಒಂದು ಬೆರಳು ಎತ್ತುವುದು. ಒಂದರೊಳಗೆ ಇದ್ದರೆ ಸುಲಭ. ಎರಡು ಮೂರಾದರೆ ತಕ್ಕ ಪುಸ್ತಕ. ನಾಲ್ಕಾದರೆ ಯಾರಾದರೂ ಜೊತೆಗಿರಬೇಕು. ಐದಾದರೆ ಸದ್ಯಕ್ಕೆ ಬದಿಗಿಡಿ. ಕನ್ನಡ ಪುಸ್ತಕಕ್ಕೆ ಇದನ್ನು ಬಳಸುವಾಗ ಒಂದು ಎಚ್ಚರ ಬೇಕು. ನಮ್ಮಲ್ಲಿ ಸಂಧಿ, ಸಮಾಸದಿಂದ ಪದಗಳು ಉದ್ದವಾಗುತ್ತವೆ. ‘ಮನೆಯೊಳಗಿದ್ದವರೆಲ್ಲರೂ’ ಎಂಬಲ್ಲಿ ಮಗು ತಡವರಿಸಿದ ಮಾತ್ರಕ್ಕೆ ಆ ಪದ ಗೊತ್ತಿಲ್ಲ ಎಂದಲ್ಲ. ಬಿಡಿಸಿ ಹೇಳಿದ ಮೇಲೂ ಅರ್ಥವಾಗದಿದ್ದರೆ ಮಾತ್ರ ಬೆರಳು ಎತ್ತಿಸಿ. ಹಾಗೆ ಮಾಡದಿದ್ದರೆ ಒಳ್ಳೆಯ ಪುಸ್ತಕಗಳೆಲ್ಲ ಕಷ್ಟದ ರಾಶಿಗೆ ಹೋಗುತ್ತವೆ.

ಎರಡು ಪುಸ್ತಕ ಹೇಳಿದ್ದರೆ ಮೂರು ತಂದಿಡಿ. ಒಂದು ಹಿಡಿಸದಿದ್ದರೆ ಬದಲಿ ಕೈಯಲ್ಲೇ ಇರುತ್ತದೆ. ಕಥೆ ಕಾದಂಬರಿಯ ಜೊತೆಗೆ ವಿಜ್ಞಾನ, ಪ್ರವಾಸ ಅಥವಾ ಜೀವನಚರಿತ್ರೆಯ ಒಂದು ಪುಸ್ತಕ ಇರಲಿ. ಕಥೆ ಬೇಡ ಎನ್ನುವ ಮಕ್ಕಳಲ್ಲಿ ಎಷ್ಟೋ ಮಂದಿ ಮಾಹಿತಿಯ ಪುಸ್ತಕ ಕೊಟ್ಟರೆ ಮೇಲೇಳುವುದೇ ಇಲ್ಲ.

ವೇಗ ಅಳೆದು ದಿನ ಹಂಚುವುದು

ಎಲ್ಲಕ್ಕಿಂತ ಹೆಚ್ಚು ಬಿಟ್ಟುಹೋಗುವ ಹಂತ ಇದು. ಓದಬೇಕಾದ ಪುಸ್ತಕವನ್ನೇ ಹಿಡಿದು ಮೂರು ಬೇರೆ ಬೇರೆ ದಿನ, ತಲಾ 10 ನಿಮಿಷ, ಮನಸ್ಸಿನಲ್ಲೇ ಓದಿಸಿ. ಎಷ್ಟು ಪುಟ ಆಯಿತೆಂದು ಬರೆದಿಡಿ. ಮೊದಲ ನಾಲ್ಕೈದು ಪುಟಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ. ಹೆಸರುಗಳೂ ಜಾಗಗಳೂ ಪರಿಚಯವಾಗುವ ತನಕ ಯಾರಿಗಾದರೂ ಓದು ನಿಧಾನವೇ. ಅಳೆಯುತ್ತಿದ್ದೇವೆ ಎಂದು ಎದುರಿಗೇ ಗಡಿಯಾರ ಇಟ್ಟರೆ ಮಗು ಪುಟ ಹಾರಿಸುತ್ತದೆ, ಅದೂ ನೆನಪಿರಲಿ.

ಮೂರು ದಿನದ ಲೆಕ್ಕ 3, 4, 5 ಪುಟ ಬಂತೆನ್ನೋಣ. ಸರಾಸರಿ 10 ನಿಮಿಷಕ್ಕೆ 4 ಪುಟ. ದಿನಕ್ಕೆ 25 ನಿಮಿಷ ಓದಿದರೆ 10 ಪುಟ. 160 ಪುಟದ ಒಂದು, 120 ಪುಟದ ಇನ್ನೊಂದು ಪುಸ್ತಕವಿದ್ದರೆ ಒಟ್ಟು 280 ಪುಟ, ಅಂದರೆ ಓದಲು 28 ದಿನ. ರಜೆ 45 ದಿನದ್ದಾದರೆ 17 ದಿನ ಉಳಿಯಿತು. ಅದರಲ್ಲಿ 5 ದಿನ ಬರೆಯಲು. ಉಳಿದ 12 ದಿನ ಖಾಲಿ. ಊರಿಗೆ ಹೋಗುವುದು, ನೆಂಟರು ಬರುವುದು, ಜ್ವರ, ಸುಮ್ಮನೆ ಆಡುತ್ತಾ ಕಳೆದ ದಿನ ಎಲ್ಲವೂ ಆ 12ರೊಳಗೆ ಹಿಡಿಯುತ್ತವೆ.

ಹೆಚ್ಚಿನವರು 280ನ್ನು 45ರಿಂದ ಭಾಗಿಸಿ ‘ದಿನಕ್ಕೆ ಆರೇಳು ಪುಟ ತಾನೇ’ ಎಂದುಕೊಳ್ಳುತ್ತಾರೆ. ಆ ಲೆಕ್ಕದಲ್ಲಿ ಒಂದೇ ಒಂದು ಬಿಡುವಿನ ದಿನವಿಲ್ಲ. ನಾಲ್ಕು ದಿನ ಊರಿಗೆ ಹೋಗಿ ಬಂದರೆ 25 ಪುಟ ಬಾಕಿ. ಬಾಕಿ ಕಂಡ ಮಗು ಪುಸ್ತಕದ ಹತ್ತಿರ ಸುಳಿಯುವುದಿಲ್ಲ. ಖಾಲಿ ದಿನಗಳನ್ನು ಕೊನೆಯಲ್ಲಿ ಕೂಡಿಡದೆ ವಾರಕ್ಕೆ ಎರಡರಂತೆ ಹಂಚಿ. ಪರೀಕ್ಷೆ ಮುಗಿಸಿ ಬಂದ ಮೊದಲ ಎರಡು ಮೂರು ದಿನ ಪುಸ್ತಕದ ಮಾತೇ ಬೇಡ, ಅವೂ ಈ 12ರಲ್ಲೇ ಬರಲಿ.

ಓದುವ ಹೊತ್ತನ್ನು ಗಂಟೆಗೆ ಕಟ್ಟುವುದಕ್ಕಿಂತ ದಿನವೂ ತಪ್ಪದೆ ನಡೆಯುವ ಒಂದು ಕೆಲಸಕ್ಕೆ ಕಟ್ಟಿ: ಸ್ನಾನ ಆದ ಮೇಲೆ, ಬೆಳಗಿನ ತಿಂಡಿ ಆದ ಮೇಲೆ. ರಜೆಯಲ್ಲಿ ಗಂಟೆಗಳು ಹಿಂದೆಮುಂದೆ ಆಗುತ್ತವೆ, ತಿಂಡಿ ತಪ್ಪುವುದಿಲ್ಲ. ಮೊಬೈಲ್ ಇನ್ನೊಂದು ಕೋಣೆಯಲ್ಲಿರಲಿ, ದೊಡ್ಡವರದೂ.

ದಿನಕ್ಕೆ ಮೂರು ಸಾಲು

ಹಾಳೆಯನ್ನು ಉದ್ದುದ್ದ ಕತ್ತರಿಸಿ ಮೂವತ್ತು ಪಟ್ಟಿ ಮಾಡಿ ಪುಸ್ತಕದೊಳಗೆ ಇಡಿ. ಪುಟ ಗುರುತಿಗೂ ಅದೇ, ಟಿಪ್ಪಣಿಗೂ ಅದೇ. ಓದಿ ಎದ್ದೇಳುವ ಮೊದಲು ಪುಸ್ತಕ ಮುಚ್ಚಿ ಮೂರು ಸಾಲು ಬರೆಯಬೇಕು: ಇವತ್ತು ಏನಾಯಿತು, ಯಾವ ಮಾತು ಅಥವಾ ಘಟನೆ ಮನಸ್ಸಿನಲ್ಲಿ ಉಳಿಯಿತು, ಏನು ಅರ್ಥವಾಗಲಿಲ್ಲ ಅಥವಾ ಮುಂದೆ ಏನಾಗಬಹುದು. ಬರೆದಾದ ಮೇಲೆ ಪುಸ್ತಕ ತೆರೆದು ಎರಡನೇ ಸಾಲಿನ ಮುಂದೆ ಪುಟಸಂಖ್ಯೆ ಹಾಕಬೇಕು. ಮೂರು ನಿಮಿಷಕ್ಕಿಂತ ಹೆಚ್ಚು ಬೇಡ. ಕಾಗುಣಿತ ತಿದ್ದಲು ಹೋಗಬೇಡಿ. ತಿದ್ದಿದರೆ ನಾಳೆಯಿಂದ ಮೂರು ಸಾಲು ಒಂದಾಗುತ್ತದೆ.

ಪುಸ್ತಕ ಮುಚ್ಚಿಯೇ ಬರೆಯಬೇಕು ಎನ್ನುವುದಕ್ಕೆ ಕಾರಣವಿದೆ. ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕೆ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕಾಲೇಜು ವಿದ್ಯಾರ್ಥಿಗಳ ಒಂದು ಗುಂಪು ಪಾಠವನ್ನು ಮತ್ತೆ ಓದಿತು, ಇನ್ನೊಂದು ಗುಂಪು ಓದಿದ್ದನ್ನು ನೆನಪಿನಿಂದ ಬರೆಯಿತು. ಐದು ನಿಮಿಷದ ನಂತರ ಪರೀಕ್ಷಿಸಿದಾಗ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರದ ನಂತರ ನೆನಪಿನಿಂದ ಬರೆದವರು ಮುಂದಾದರು. ಓದಿದ ತಕ್ಷಣ ‘ಎಲ್ಲಾ ಗೊತ್ತು’ ಎನ್ನುವ ಮಗು ಶಾಲೆ ತೆರೆದಾಗ ತಡಬಡಾಯಿಸುವುದೂ ಇದರಿಂದಲೇ.

ಗೊತ್ತಿಲ್ಲದ ಪದ ಸಿಕ್ಕಿದಲ್ಲೆಲ್ಲ ನಿಘಂಟು ತೆರೆಯುವ ಅಭ್ಯಾಸ ಒಳ್ಳೆಯದೆಂದು ತೋರುತ್ತದೆ, ಆದರೆ ಕಥೆಯ ಎಳೆ ಅಲ್ಲೇ ಹರಿಯುತ್ತದೆ. ಪದವನ್ನು ಪಟ್ಟಿಯ ಹಿಂಬದಿಯಲ್ಲಿ ಗುರುತು ಹಾಕಿ ಮುಂದೆ ಹೋಗಲಿ. ಅದೇ ಪದ ಮತ್ತೆ ಬಂದರೆ, ಇಲ್ಲವೇ ಅದಿಲ್ಲದೆ ವಾಕ್ಯವೇ ನಿಂತುಹೋದರೆ ಆಗ ನೋಡಿದರಾಯಿತು. ಗ್ರಂಥಾಲಯದ ಪುಸ್ತಕದಲ್ಲಿ ಪೆನ್ಸಿಲ್ ಗುರುತೂ ಬೇಡ.

ಮಾಹಿತಿಯ ಪುಸ್ತಕಕ್ಕೆ ಕ್ರಮ ಸ್ವಲ್ಪ ಬೇರೆ. ಉಪಶೀರ್ಷಿಕೆಯನ್ನು ಮೊದಲು ಪ್ರಶ್ನೆಯಾಗಿಸಬೇಕು. ‘ಮಣ್ಣಿನ ಸವೆತ’ ಎಂದಿದ್ದರೆ ‘ಮಣ್ಣು ಯಾಕೆ ಸವೆಯುತ್ತದೆ?’ ಎಂದು. ಆ ಭಾಗ ಓದಿ, ಮುಚ್ಚಿ, ಉತ್ತರ ಹೇಳಬೇಕು. ಚಿತ್ರ, ನಕ್ಷೆ, ಕೋಷ್ಟಕಗಳನ್ನು ಮಕ್ಕಳು ಹಾರಿಸಿಬಿಡುತ್ತಾರೆ. ಅಂಥ ಪುಸ್ತಕದಲ್ಲಿ ಅರ್ಧ ವಿಷಯ ಅಲ್ಲೇ ಇರುತ್ತದೆ.

ಮಗು ನಿಂತುಬಿಟ್ಟರೆ

‘ಬೋರ್’ ಎಂಬ ಒಂದೇ ಮಾತಿನ ಹಿಂದೆ ಬೇರೆ ಬೇರೆ ತೊಂದರೆಗಳಿರುತ್ತವೆ. ಪಾತ್ರಗಳು ಹೆಚ್ಚಾಗಿ ಗೊಂದಲವಾಗಿದ್ದರೆ ಒಂದು ಹಾಳೆಯಲ್ಲಿ ಹೆಸರು, ಯಾರಿಗೆ ಏನಾಗಬೇಕು, ಮೊದಲು ಬಂದ ಪುಟ ಇಷ್ಟನ್ನು ಬರೆಸಿ. ಕಥೆ ನಡೆಯುವ ಕಾಲ, ಜಾಗ ಅಪರಿಚಿತವಾಗಿದ್ದರೆ ಹತ್ತು ನಿಮಿಷ ಕೂತು ನಕ್ಷೆ, ಚಿತ್ರ ತೋರಿಸಿ ಮಾತನಾಡಿ. ವಾಕ್ಯಗಳೇ ಭಾರವಾಗಿದ್ದರೆ ಒಂದು ಪುಟ ನೀವು, ಒಂದು ಪುಟ ಮಗು ಗಟ್ಟಿಯಾಗಿ ಓದಿ. ಒಂದು ಅಧ್ಯಾಯ ಹೀಗೆ ಸಾಗಿದರೆ ಎಷ್ಟೋ ಸಲ ಮುಂದಿನದನ್ನು ಮಗುವೇ ಎಳೆದುಕೊಳ್ಳುತ್ತದೆ.

ಸಾಲು ತಪ್ಪುವುದು, ಪುಸ್ತಕವನ್ನು ಮುಖಕ್ಕೆ ತೀರಾ ಹತ್ತಿರ ಹಿಡಿಯುವುದು, ಓದಿದ ಹತ್ತು ನಿಮಿಷಕ್ಕೇ ತಲೆನೋವು ಎನ್ನುವುದು ಕಂಡರೆ ಮೊದಲು ಕಣ್ಣು ಪರೀಕ್ಷೆ ಮಾಡಿಸಿ. ಕಣ್ಣು ಸರಿಯಿದ್ದೂ ಅಕ್ಷರ ಕೂಡಿಸಲು ಒದ್ದಾಡುತ್ತಿದ್ದರೆ ಅದನ್ನು ಬೈದು ಸರಿಮಾಡಲಾಗದು. ಆಡಿಯೊ ಕೇಳುತ್ತಾ ಪುಟದ ಮೇಲೆ ಬೆರಳಿಟ್ಟು ಹಿಂಬಾಲಿಸುವುದೂ ಓದೇ. ಶಿಕ್ಷಕರಿಗೂ ತಿಳಿಸಿ, ಕಲಿಕೆಯ ತೊಂದರೆಗಳನ್ನು ಬಲ್ಲ ತಜ್ಞರಿಗೂ ತೋರಿಸಿ.

ಇದೆಲ್ಲ ಮಾಡಿದ ಮೇಲೂ ಹಿಡಿಸದಿದ್ದರೆ ಪುಸ್ತಕ ಬದಲಿಸಿ. ಅಮೆರಿಕದ ಗ್ರಂಥಪಾಲಕಿ ನ್ಯಾನ್ಸಿ ಪರ್ಲ್ ಹೇಳಿಕೊಡುವ ನಿಯಮದಂತೆ 50 ಪುಟ ಓದಿಯೂ ರುಚಿಸದಿದ್ದರೆ ಕೆಳಗಿಡಬಹುದು. ಮಕ್ಕಳ 120 ಪುಟದ ಪುಸ್ತಕಕ್ಕೆ 50 ಹೆಚ್ಚಾಯಿತು. 25, 30 ಪುಟ ಸಾಕು. ಆದರೆ ಎರಡನೇ ಪುಟದಲ್ಲೇ ಬಿಡುವುದಕ್ಕೆ ಒಪ್ಪಬೇಡಿ.

ಪುಟಕ್ಕಿಷ್ಟು ಎಂದು ಬಹುಮಾನ ಕಟ್ಟುವುದು ಬೇಡ. 1973ರಲ್ಲಿ ಮನೋವಿಜ್ಞಾನಿ ಮಾರ್ಕ್ ಲೆಪ್ಪರ್ ಮತ್ತು ಸಂಗಡಿಗರು ಪುಟ್ಟ ಮಕ್ಕಳ ಚಿತ್ರ ಬಿಡಿಸುವ ಆಸೆಯ ಮೇಲೆ ಇದನ್ನು ಪರೀಕ್ಷಿಸಿ ನೋಡಿದ್ದರು. ಬಹುಮಾನ ಸಿಗುತ್ತದೆಂದು ಮೊದಲೇ ಹೇಳಿಸಿಕೊಂಡು ಚಿತ್ರ ಬಿಡಿಸಿದವರು ಆಮೇಲೆ ತಾವಾಗಿ ಬಿಡಿಸುವುದನ್ನು ಕಡಿಮೆ ಮಾಡಿದರು. ಪುಸ್ತಕ ಮುಗಿದ ದಿನ ಅದರ ಬಗ್ಗೆ ಅರ್ಧ ಗಂಟೆ ಕೂತು ಕೇಳಿಸಿಕೊಳ್ಳಿ. ‘ನೀತಿ ಏನು?’ ಎಂದು ಕೇಳಿದರೆ ಮಾತು ನಿಲ್ಲುತ್ತದೆ. ‘ಯಾರ ಮೇಲೆ ಸಿಟ್ಟು ಬಂತು?’, ‘ನೀನಾಗಿದ್ದರೆ ಬಾಗಿಲು ತೆಗೀತಿದ್ದೆಯಾ?’ ಎಂದರೆ ಶುರುವಾಗುತ್ತದೆ.

ಬರೆಯುವ ಐದು ದಿನ

ಮೊದಲ ದಿನ ಆ ಪಟ್ಟಿಗಳನ್ನೆಲ್ಲ ನೆಲದ ಮೇಲೆ ಪುಟದ ಕ್ರಮದಲ್ಲಿ ಹರಡಿ. ಮತ್ತೆ ಮತ್ತೆ ಬಂದ ವಿಷಯ ಯಾವುದೆಂದು ಮಗುವೇ ನೋಡಲಿ. ಅದರಿಂದ ಒಂದು ವಾಕ್ಯ ಹುಟ್ಟಬೇಕು. ‘ಪುಸ್ತಕ ತುಂಬಾ ಚೆನ್ನಾಗಿತ್ತು’ ಎಂಬುದರಿಂದ ಮುಂದೆ ಬರೆಯಲು ದಾರಿಯಿಲ್ಲ. ‘ಅಣ್ಣ ಸುಳ್ಳು ಹೇಳಿದ್ದು ಭಯಕ್ಕೆ’ ಎಂದರೆ ಯಾವ ಪುಟದಲ್ಲಿ ಹಾಗನ್ನಿಸಿತು ಎಂದು ತೋರಿಸಬಹುದು.

300 ಪದದ ಬರಹವಾದರೆ ಪುಸ್ತಕದ ಪರಿಚಯಕ್ಕೆ 30, ಕಥೆಯ ಸಾರಕ್ಕೆ 60, ಆ ಒಂದು ವಾಕ್ಯವನ್ನು ಎರಡು ಘಟನೆಗಳಿಂದ ತೋರಿಸಲು 150, ಯಾರಿಗೆ ಈ ಪುಸ್ತಕ ಹಿಡಿಸಬಹುದು, ಯಾಕೆ ಎಂಬುದಕ್ಕೆ 60. ಸಾರಾಂಶವೇ 250 ಪದ ನುಂಗುವುದು ಎಲ್ಲರಿಗೂ ಆಗುವ ತಪ್ಪು. ‘ಆಮೇಲೆ’ ಎಂಬ ಪದ ಮೂರಕ್ಕಿಂತ ಹೆಚ್ಚು ಸಲ ಬಂದಿದ್ದರೆ ಕಥೆ ಹೇಳುತ್ತಾ ಕೂತಿದ್ದಾರೆ ಎಂದರ್ಥ. ಎರಡು, ಮೂರನೇ ದಿನ ಕರಡು. ನಾಲ್ಕನೇ ದಿನ ಬಿಡುವು. ಐದನೇ ದಿನ ಗಟ್ಟಿಯಾಗಿ ಓದಿ, ನಾಲಿಗೆ ತಡವರಿಸಿದಲ್ಲಿ ತಿದ್ದಿ, ಚೊಕ್ಕ ಪ್ರತಿ. ಜಾಲತಾಣದಿಂದಲೋ ಎಐ ಆ್ಯಪ್‌ನಿಂದಲೋ ಎತ್ತಿದ ಸಾರಾಂಶ ‘ಇದು ಯಾವ ಪುಟದಲ್ಲಿದೆ?’ ಎಂಬ ಮೊದಲ ಪ್ರಶ್ನೆಗೇ ಸಿಕ್ಕಿಬೀಳುತ್ತದೆ. ಪಟ್ಟಿಗಳಿದ್ದ ಮಗುವಿಗೆ ಅದರ ಅಗತ್ಯವೇ ಬರುವುದಿಲ್ಲ.

ಕೆಲಸ ಕೊಡುವ ಶಿಕ್ಷಕರಿಗೆ ಎರಡು ಮಾತು. ಪಟ್ಟಿಯಲ್ಲಿ ಪ್ರತಿ ಪುಸ್ತಕದ ಮುಂದೆ ಪುಟಸಂಖ್ಯೆ ಹಾಕಿ, ಮನೆಯವರಿಗೆ ದಿನ ಹಂಚಲು ಬೇಕಾಗುತ್ತದೆ. ಶಾಲೆ ತೆರೆದ ಮೊದಲ ವಾರದಲ್ಲೇ ಇಬ್ಬಿಬ್ಬರನ್ನು ಕೂರಿಸಿ ಓದಿದ್ದರ ಬಗ್ಗೆ ಹತ್ತು ನಿಮಿಷ ಮಾತನಾಡಿಸಿ. ಬರೆದದ್ದನ್ನು ತೆಗೆದುಕೊಂಡು ಕಪಾಟಿಗೆ ಸೇರಿಸಿದರೆ ಆ ಸುದ್ದಿ ಮುಂದಿನ ವರ್ಷದ ಮಕ್ಕಳಿಗೂ ತಲುಪಿರುತ್ತದೆ.

ಈಗಾಗಲೇ ತಡವಾಗಿದ್ದು ಹತ್ತೇ ದಿನ ಉಳಿದಿದ್ದರೆ ತೆಳ್ಳಗಿನ ಪುಸ್ತಕವನ್ನೇ ಹಿಡಿಯಿರಿ. ಬೆಳಿಗ್ಗೆ 25, ಸಂಜೆ 25 ನಿಮಿಷ. ದಿನಕ್ಕೆ 20 ಪುಟದಂತೆ 120 ಪುಟ 6 ದಿನದಲ್ಲಿ ಮುಗಿಯುತ್ತದೆ, ಬರೆಯಲು 3 ದಿನ, ಒಂದು ದಿನ ಕೈಯಲ್ಲಿ. ಎರಡನೇ ಪುಸ್ತಕವನ್ನು ಎಲ್ಲಿಯವರೆಗೆ ಓದಿದೆ ಎಂದು ಬರಹದ ಕೆಳಗೆ ಪುಟಸಂಖ್ಯೆ ಹಾಕಿ ಮಗುವೇ ಬರೆಯಲಿ. ಶಾಲೆ ತೆರೆದ ಮೇಲೂ ಅದೇ ಪುಟದಿಂದ ಮುಂದುವರಿಸಬಹುದು.