15 ಸೆಕೆಂಡಿನಲ್ಲಿ ರಸ್ತೆ ದಾಟಲಾಗದವರು

ನಿವಾಸಿಗಳ ಸಭೆ ನಡೆಸಿಕೊಡುವುದು ನನ್ನ ಕೆಲಸ. ಮೊದಲ ವರ್ಷಗಳಲ್ಲಿ ಸಭೆ ಸಂಜೆ 7 ಗಂಟೆಗೆ ಸೇರುತ್ತಿತ್ತು. ಆ ಹೊತ್ತಿನಲ್ಲಿ ಯಾರಿಗೂ ಊಟ ಬಡಿಸಬೇಕಿಲ್ಲದವರು, ಮಕ್ಕಳನ್ನು ಮಲಗಿಸಬೇಕಿಲ್ಲದವರು, ಹಾಸಿಗೆ ಹಿಡಿದವರಿಗೆ ಮಾತ್ರೆ ಕೊಡಬೇಕಿಲ್ಲದವರು ಬರುತ್ತಿದ್ದರು. ಅವರ ಮಾತೆಲ್ಲ ವಾಹನ ನಿಲುಗಡೆಯ ಸುತ್ತಲೇ. ಅದನ್ನೇ ನಾನು ಇಡೀ ಬಡಾವಣೆಯ ಅಭಿಪ್ರಾಯವೆಂದು ಬರೆದು ಕಳುಹಿಸುತ್ತಿದ್ದೆ.

ತಪ್ಪು ಅರಿವಾದದ್ದು ಒಬ್ಬ ಅಜ್ಜಿಯಿಂದ. ಸಭೆಗೇಕೆ ಬರುವುದಿಲ್ಲ ಎಂದು ಕೇಳಿದಾಗ ಅವರು ಹೇಳಿದರು: "ಬರಬೇಕಾದರೆ ಆ ದೊಡ್ಡ ರಸ್ತೆ ದಾಟಬೇಕಲ್ಲಮ್ಮ. ನಡುವೆ ಇರುವಾಗಲೇ ದೀಪ ಕೆಂಪಾಗಿಬಿಡುತ್ತದೆ."

ಮರುದಿನ ಅಳತೆ ಟೇಪು ಹಿಡಿದು ಹೋದೆ. ರಸ್ತೆಯ ಅಗಲ 18 ಮೀಟರ್, ಪಾದಚಾರಿಗಳಿಗೆ ಕೊಟ್ಟ ಸಮಯ 15 ಸೆಕೆಂಡು. ಅಂದರೆ ಸೆಕೆಂಡಿಗೆ 1.2 ಮೀಟರ್. ಅನೇಕ ದೇಶಗಳ ಸಿಗ್ನಲ್ ಲೆಕ್ಕದಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ನಡಿಗೆಯ ವೇಗವೇ ಅದು. ಎಂಜಿನಿಯರರ ಗುಣಾಕಾರ ಸರಿಯಾಗಿಯೇ ಇತ್ತು. ಅಜ್ಜಿಯ ಮಂಡಿ ಆ ಲೆಕ್ಕದೊಳಗೆ ಇರಲಿಲ್ಲ.

ಆಗ ಸಭೆಯನ್ನೇ ಆ ದಾಟುಪಟ್ಟೆಯ ಬಳಿಗೆ ತಂದೆ. ಮಕ್ಕಳನ್ನು ಶಾಲೆಗೆ ಬಿಡುವ ಹೊತ್ತಿನಲ್ಲಿ, ಮೂರು ಬೆಳಗ್ಗೆ. ಯಾರೂ ಬಿಡುವು ಮಾಡಿಕೊಂಡು ಬರಬೇಕಿರಲಿಲ್ಲ, ಹೇಗೂ ಅಲ್ಲಿ ಹಾದುಹೋಗುವವರೇ. 1990ರ ದಶಕದಿಂದ ವಿಯೆನ್ನಾ ನಗರ ಮಹಿಳೆಯರ ದಿನನಿತ್ಯದ ಓಡಾಟವನ್ನು ಗಮನಿಸಿ ಯೋಜನೆ ಮಾಡತೊಡಗಿದ್ದನ್ನು ಓದಿದ್ದೆ. ಅದರಿಂದ ಕಲಿತು, ಎಲ್ಲಿಗೆ ಹೋಗುತ್ತೀರಿ ಎನ್ನುವುದರ ಜೊತೆಗೆ ಯಾರನ್ನು ಕರೆದುಕೊಂಡು, ಯಾರಿಗಾಗಿ ಹೋಗುತ್ತೀರಿ ಎಂದೂ ಕೇಳಿದೆ.

ಮೊಬೈಲಿನ ಗಡಿಯಾರ ಹಿಡಿದು ನಿವಾಸಿಗಳೇ ಎಣಿಸಿದರು. ಅಜ್ಜಿಗೆ 23 ಸೆಕೆಂಡು ಬೇಕಾಯಿತು. ಹೆಂಡತಿಯ ಗಾಲಿಕುರ್ಚಿ ತಳ್ಳುತ್ತಿದ್ದವರಿಗೆ ಇಳಿಜಾರಿಲ್ಲದ ಅಂಚಿನಲ್ಲೇ 6 ಸೆಕೆಂಡು ಹೋಯಿತು. ಕಣ್ಣು ಕಾಣದ ಒಬ್ಬರು ಬೇರೆಯವರ ಹೆಜ್ಜೆ ಸಪ್ಪಳ ಕೇಳಿದ ಮೇಲೆ ಹೊರಟರು. ಸಿಗ್ನಲ್ಲಿಗೆ ಸದ್ದೇ ಇರಲಿಲ್ಲ. ಎರಡು ಮಕ್ಕಳ ತಾಯಿ 14 ಸೆಕೆಂಡಿನಲ್ಲಿ ದಾಟಿದರು, ಚಿಕ್ಕದನ್ನು ಎತ್ತಿಕೊಂಡು ಓಡಿ. ಹಾಳೆಯ ಮೇಲೆ ಅವರದು "ಸಾಕಾಗುತ್ತದೆ" ಎಂಬ ಕಡೆಗೆ ಸೇರುತ್ತಿತ್ತು. ಪಕ್ಕದಲ್ಲಿ "ಓಡಿದರು" ಎಂದು ಬರೆಸಿದೆ. ಆ ಒಂದು ಪದ ಬರೆಸದೆ ಇದ್ದಿದ್ದರೆ ನಮ್ಮ ಅಳತೆಯೂ ಸುಳ್ಳೇ ಆಗುತ್ತಿತ್ತು.

ವಿರೋಧವೂ ಬಂತು. ಮನೆ ಮನೆಗೆ ಸರಕು ತಲುಪಿಸುವ ಯುವಕನೊಬ್ಬ, ದೀಪದ ಬಳಿ ಹೆಚ್ಚು ಹೊತ್ತು ನಿಂತರೆ ತನ್ನ ಕೂಲಿ ಕಡಿಮೆಯಾಗುತ್ತದೆ ಎಂದ. ಅವನನ್ನು ಸ್ವಾರ್ಥಿ ಎಂದವರ ಮಾತನ್ನು ನಾನು ಒಪ್ಪಲಿಲ್ಲ. ಅವನ ಗಳಿಕೆಯನ್ನು ನಿಮಿಷಗಳಿಗೆ ಕಟ್ಟಿಹಾಕಿದ್ದು ಅಜ್ಜಿಯಲ್ಲ, ಅವನೂ ಅಲ್ಲ. ಅವನ ಮಾತನ್ನೂ ವರದಿಯಲ್ಲಿ ಅವನದೇ ಪದಗಳಲ್ಲಿ ಸೇರಿಸಿದೆವು.

ಐದು ತಿಂಗಳು ಅಲೆದ ಮೇಲೆ ಹಗಲಿನ ಸಮಯ 24 ಸೆಕೆಂಡಾಯಿತು, ಅಂಚಿಗೆ ಇಳಿಜಾರು ಬಂತು. ಸಾಮಾನ್ಯವಾಗಿ ಅಲ್ಲಿಗೆ ಕಡತ ಮುಚ್ಚುತ್ತದೆ. ರಾಜಕೀಯ ಚಿಂತಕಿ ಜೋನ್ ಟ್ರಾಂಟೊ 1993ರಲ್ಲಿ ಆರೈಕೆಯ ನಾಲ್ಕು ಗುಣಗಳನ್ನು ಗುರುತಿಸಿದರು: ಗಮನ, ಹೊಣೆ, ಸಾಮರ್ಥ್ಯ, ಆರೈಕೆ ಪಡೆದವರ ಪ್ರತಿಕ್ರಿಯೆಗೆ ಸ್ಪಂದನೆ. ಕಚೇರಿಗಳು ಕೊನೆಯದನ್ನು ಮರೆಯುತ್ತವೆ, ನಾನೂ ಎಷ್ಟೋ ಸಲ ಮರೆತಿದ್ದೇನೆ. ಈ ಬಾರಿ ಮತ್ತೆ ಹೋಗಿ ಕೇಳಿದೆ. ಗಾಲಿಕುರ್ಚಿಯವರಿಗೆ ಇಳಿಜಾರು ತೀರಾ ಕಡಿದಾಗಿತ್ತು; ಒಡೆದು ಮತ್ತೆ ಕಟ್ಟಿಸಬೇಕಾಯಿತು. ಸದ್ದಿನ ಸಿಗ್ನಲ್ ಇನ್ನೂ ಬಂದಿಲ್ಲ.

ರಾತ್ರಿಯ ಸಮಯ ಇಂದಿಗೂ 15 ಸೆಕೆಂಡು. ಆ ಹೊತ್ತಿನಲ್ಲಿ ದಾಟುವವರು ಆಸ್ಪತ್ರೆಯ ಆಯಾಗಳು, ಕಚೇರಿ ಗುಡಿಸಿ ಮರಳುವ ಹೆಂಗಸರು. ಅವರ ಪಾಳಿ ಮುಗಿಯುವುದು ಬೆಳಗಿನ ಜಾವ 5 ಗಂಟೆಗೆ. ಮುಂದಿನ ಸಭೆಯನ್ನು 5.15ಕ್ಕೆ ಕರೆದಿದ್ದೇನೆ.