ರೇಷ್ಮೆ ಗೂಡಿನ ಹೂವಿಟ್ಟು ಕಾರ್ಡು ಮಾಡುವುದು: ನನ್ನ ಅನುಭವ

ಕೈಯಲ್ಲೇ ಕಾರ್ಡು ಮಾಡುವವರು ಸಾಮಾನ್ಯವಾಗಿ ಎಲ್ಲ ಗಮನವನ್ನೂ ಮೇಲಿನ ಅಲಂಕಾರಕ್ಕೆ ಕೊಡುತ್ತಾರೆ. ನನ್ನ ಪ್ರಕಾರ ಕಾರ್ಡಿನ ಅರ್ಧ ಕೆಲಸ ಮಡಿಕೆಯಲ್ಲಿದೆ, ಇನ್ನರ್ಧ ಅಂಟಿನಲ್ಲಿದೆ. ಇವೆರಡು ಸರಿಯಾಗಿದ್ದರೆ ಒಂದೇ ಒಂದು ಹೂವು ಸಾಕು.

ರೇಷ್ಮೆ ಗೂಡಿನ ಮಾರುಕಟ್ಟೆಗೆ ಹೆಸರಾದ ನಮ್ಮ ಶಿಡ್ಲಘಟ್ಟದಲ್ಲಿ ಆ ಹೂವಿಗೆ ದೂರ ಹೋಗಬೇಕಾಗಿಲ್ಲ, ರೇಷ್ಮೆ ಗೂಡಿನಲ್ಲೇ ಮಾಡಬಹುದು. ಅದಕ್ಕೆ ಮುಂಚೆ ಪೇಪರ್ ವಿಷಯ ಹೇಳಿಬಿಡುತ್ತೇನೆ.

ಕಾರ್ಡಿಗೆ 250ರಿಂದ 300 ಜಿಎಸ್‌ಎಂ (ಒಂದು ಚದರ ಮೀಟರ್ ಪೇಪರ್ ಎಷ್ಟು ಗ್ರಾಂ ತೂಗುತ್ತದೆ ಅನ್ನುವ ಲೆಕ್ಕ) ದಪ್ಪದ ಶೀಟು ತಗೊಳ್ಳಿ. ಜೆರಾಕ್ಸ್ ಪೇಪರ್ 70-80 ಜಿಎಸ್‌ಎಂ ಅಷ್ಟೇ, ಹೂವಿನ ಭಾರಕ್ಕೆ ಬಾಗಿಬಿಡುತ್ತದೆ. ಮೆಷಿನ್‌ನಲ್ಲಿ ತಯಾರಾದ ಪೇಪರಿಗೆ ಒಂದು ಎಳೆ ಇರುತ್ತದೆ, ನಾರುಗಳೆಲ್ಲ ಹೆಚ್ಚುಕಡಿಮೆ ಒಂದೇ ಕಡೆಗೆ ಮಲಗಿರುತ್ತವೆ. ಎಳೆಯ ಉದ್ದಕ್ಕೆ ಮಡಿಸಿದರೆ ಮಡಿಕೆ ನೀಟಾಗಿ ಕೂರುತ್ತದೆ, ಅಡ್ಡ ಮಡಿಸಿದರೆ ಬಿರುಕು ಬಿಟ್ಟು ಒಳಗಿನ ಬಿಳಿ ನಾರು ಕಾಣುತ್ತದೆ. ಎಳೆ ಯಾವ ಕಡೆಗಿದೆ ಅಂತ ತಿಳಿಯುವುದು ಸುಲಭ. ಶೀಟನ್ನು ಗೆರೆ ಬೀಳದ ಹಾಗೆ ಒಮ್ಮೆ ಉದ್ದಕ್ಕೆ, ಒಮ್ಮೆ ಅಡ್ಡಕ್ಕೆ ಸುಮ್ನೆ ಬಾಗಿಸಿ ನೋಡಿ. ಯಾವ ಕಡೆ ಸಲೀಸಾಗಿ ಬಾಗುತ್ತದೋ ಮಡಿಕೆಯೂ ಆ ಕಡೆಗೇ ಇರಲಿ.

ಎ4 ಶೀಟುಗಳಲ್ಲಿ ಎಳೆ ಬಹಳ ಸಲ ಉದ್ದಕ್ಕೇ ಇರುತ್ತದೆ. ಅಂಥ ಶೀಟನ್ನು ನಡುವೆ ಅಡ್ಡ ಕತ್ತರಿಸಿದರೆ 148 ಗುಣಿಸು 210 ಮಿಲಿಮೀಟರಿನ ಎರಡು ತುಂಡು ಸಿಗುತ್ತವೆ. ಒಂದೊಂದನ್ನೂ ಅರ್ಧಕ್ಕೆ ಮಡಿಸಿದರೆ 105 ಗುಣಿಸು 148ರ ಕಾರ್ಡು, ಎಳೆಯೂ ಮಡಿಕೆಯ ಜೊತೆಗೇ ಬರುತ್ತದೆ. 114 ಗುಣಿಸು 162ರ ಕವರ್ ಇದಕ್ಕೆ ಸರಿಹೋಗುತ್ತದೆ. ಅದೇ ತುಂಡನ್ನು ಉದ್ದುದ್ದಕ್ಕೆ, ಸಪೂರ ಕಾರ್ಡಿನ ಹಾಗೆ ಮಡಿಸಲು ಹೋದರೆ ಎಳೆ ಅಡ್ಡ ಬೀಳುತ್ತದೆ. ಹಾಗಾಗಿ ಸಪೂರ ಕಾರ್ಡು ಬೇಕಿದ್ದರೆ ಶೀಟನ್ನೇ ಬೇರೆ ಥರ ಕತ್ತರಿಸಿಕೊಳ್ಳಬೇಕು.

ಮಡಿಸುವ ಮೊದಲು ಗೆರೆ ಒತ್ತಿಕೊಳ್ಳಿ. ಕೆಳಗೆ ನಾಲ್ಕಾರು ನ್ಯೂಸ್ ಪೇಪರ್ ಹಾಸಿ, ಸ್ಟೀಲ್ ಸ್ಕೇಲ್ ಇಟ್ಟು, ಇಂಕು ಮುಗಿದ ಬಾಲ್ ಪೆನ್ನಿನಿಂದ ಎಳೆದರೆ ಆಯಿತು. ಒಂದೇ ಸಲ ಜೋರಾಗಿ ಒತ್ತಬೇಡಿ, ಹಗುರವಾಗಿ ಎರಡು ಮೂರು ಸಲ ಎಳೆಯಿರಿ. ಗೆರೆಯ ಹಳ್ಳ ಕಾರ್ಡಿನ ಹೊರಗೆ, ಉಬ್ಬು ಒಳಗೆ ಬರುವ ಹಾಗೆ ಮಡಿಸಬೇಕು. ಆಮೇಲೆ ಚಮಚದ ಬೆನ್ನಿನಿಂದ ಮಡಿಕೆಯನ್ನು ಉಜ್ಜಿ, ಆದರೆ ಮೇಲೊಂದು ಬಿಳಿ ಹಾಳೆ ಇಟ್ಟು ಉಜ್ಜಿ, ಇಲ್ಲದಿದ್ದರೆ ಹೊಳಪಿನ ಗುರುತು ಉಳಿಯುತ್ತದೆ.

ಈಗ ಗೂಡು. ನೂಲು ತೆಗೆಯುವ ಒಳ್ಳೆ ಗೂಡನ್ನು ಇದಕ್ಕೆ ಬಳಸುವುದು ನನಗೆ ಇಷ್ಟವಿಲ್ಲ, ಅದು ರೈತರ ಬೆವರು. ಬಿತ್ತನೆಗೆ, ಅಂದರೆ ಮೊಟ್ಟೆ ಪಡೆಯಲು, ಇಟ್ಟ ಗೂಡಿನಿಂದ ಚಿಟ್ಟೆ ಹೊರಬಂದ ಮೇಲೆ ಉಳಿಯುವ ತೂತುಗೂಡು ಸಾಕು. ತೂತಿನ ಜಾಗದಲ್ಲಿ ರೇಷ್ಮೆ ಎಳೆ ತುಂಡಾಗಿರುವುದರಿಂದ ಅದನ್ನು ಬಿಚ್ಚಿ ನೂಲು ತೆಗೆಯಲು ಬರುವುದಿಲ್ಲ. ಒಳಗಿನ ಪೊರೆ ತೆಗೆದು, ಬಿಸಿಲಲ್ಲಿ ಚೆನ್ನಾಗಿ ಒಣಗಿಸಿ ಇಟ್ಟುಕೊಳ್ಳಿ, ಇಲ್ಲವಾದರೆ ಹುಳ ಹಿಡಿಯುತ್ತದೆ.

ಸಣ್ಣ ಕತ್ತರಿಯಿಂದ ತೂತಿನ ಕಡೆಯಿಂದ ಕೆಳಕ್ಕೆ ಐದು ಕಡೆ ಸೀಳಿ. ಪೂರ್ತಿ ಸೀಳಬೇಡಿ, ಬುಡ ಉಳಿಯಬೇಕು. ಎಸಳುಗಳ ತುದಿಯನ್ನು ದುಂಡಗೆ ಕತ್ತರಿಸಿದರೆ ಹೂವು ತಯಾರು. ಆದರೆ ಇದು ಎತ್ತರವಾಗಿರುತ್ತದೆ, ಕವರಿನಲ್ಲಿ ಹಾಕಿದರೆ ಅಪ್ಪಚ್ಚಿ. ಕವರಿಗೆ ಹೋಗಬೇಕಾದ ಕಾರ್ಡಿಗೆ ನಾನು ಬೇರೆ ರೀತಿ ಮಾಡುತ್ತೇನೆ. ಕತ್ತರಿಸಿದ ಎಸಳಿನ ಅಂಚನ್ನು ಉಗುರಿನಿಂದ ಬಿಡಿಸಿದರೆ ಗೂಡಿನ ಪದರಗಳು ಈರುಳ್ಳಿ ಸಿಪ್ಪೆಯ ಹಾಗೆ ಒಂದೊಂದೇ ಬಿಟ್ಟುಕೊಳ್ಳುತ್ತವೆ. ಒಳಗಿನ ಪದರ ಎಷ್ಟು ತೆಳು ಅಂದರೆ ಅದರ ಕೆಳಗೆ ಬೆರಳಿಟ್ಟರೆ ಕಾಣುತ್ತದೆ. ಅದನ್ನು ಸ್ವಲ್ಪ ಒದ್ದೆ ಮಾಡಿ, ಎರಡು ಹಾಳೆಗಳ ನಡುವೆ ಇಟ್ಟು, ಮೇಲೆ ದಪ್ಪ ಪುಸ್ತಕ ಹೇರಿ ಒಂದು ರಾತ್ರಿ ಬಿಡಿ. ಚಪ್ಪಟೆಯಾದ ಎಸಳಲ್ಲಿ ರೇಷ್ಮೆ ಎಳೆಗಳ ಜಾಡು ಹಾಗೇ ಉಳಿದಿರುತ್ತದೆ. ಇಷ್ಟು ಚೆನ್ನಾದ ವಸ್ತು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ ಅಂತ ನನಗನಿಸುತ್ತದೆ.

ಮಿಶ್ರತಳಿಯ (ಎರಡು ತಳಿಯ ರೇಷ್ಮೆಹುಳು ಕೂಡಿಸಿ ಪಡೆದ) ಹಳದಿ ಗೂಡಿಗೆ ಬಣ್ಣವೇ ಬೇಡ. ಬೈವೋಲ್ಟೈನ್ (ವರ್ಷಕ್ಕೆ ಎರಡು ಪೀಳಿಗೆಯ ತಳಿ) ಬಿಳಿ ಗೂಡಿಗೆ ಬಣ್ಣ ಬೇಕಿದ್ದರೆ ಬಿಸಿನೀರಿಗೆ ಅಡುಗೆಯ ಬಣ್ಣ, ಒಂದು ಚಮಚ ವಿನೆಗರ್ ಹಾಕಿ ಅದ್ದಿ. ರೇಷ್ಮೆಗೆ ಬಣ್ಣ ಹಿಡಿಯುವುದು ಆ ಹುಳಿಯಿಂದಲೇ. ಕುದಿಸುತ್ತಾ ಕೂರಬೇಡಿ, ಗೂಡಿನಲ್ಲಿರುವ ಅಂಟು ಕರಗಿ ಎಸಳು ಮೆತ್ತಗಾಗುತ್ತದೆ.

ಇನ್ನು ಅಂಟು. ಫೆವಿಕಾಲ್‌ನಲ್ಲಿ ನೀರಿದೆ. ಪೇಪರ್ ಮೇಲೆ ಪೇಪರ್ ಅಂಟಿಸುವಾಗ ಅದನ್ನು ಜಾಸ್ತಿ ಬಳಿದರೆ ಪೇಪರ್ ಮೊದಲು ಹಿಗ್ಗಿ, ಒಣಗುವಾಗ ಕುಗ್ಗಿ, ಕಾರ್ಡನ್ನೇ ಎಳೆದು ಸೊಟ್ಟಗೆ ಮಾಡುತ್ತದೆ. ಪೇಪರಿಗೆ ಗ್ಲೂ ಸ್ಟಿಕ್ ಅಥವಾ ಎರಡು ಕಡೆ ಅಂಟುವ ಟೇಪು ವಾಸಿ. ಫೆವಿಕಾಲ್ ಹೂವಿಗೆ ಮಾತ್ರ, ಅದೂ ಕಡ್ಡಿಯ ತುದಿಯಲ್ಲಿ ಒಂದು ಹನಿ. ಅಂಟಿಗಿಂತ ಹೊಲಿಗೆ ಇನ್ನೂ ಗಟ್ಟಿ. ಸೂಜಿಯಿಂದ ಮೊದಲೇ ತೂತು ಮಾಡಿಕೊಂಡು, ರೇಷ್ಮೆ ದಾರದಲ್ಲಿ ಹೂವಿನ ಬುಡವನ್ನು ಎರಡು ಹೊಲಿಗೆ ಹಾಕಿ. ಒಳಗಡೆ ಗಂಟು ಕಾಣದ ಹಾಗೆ ತೆಳು ಹಾಳೆ ಅಂಟಿಸಿಬಿಡಿ, ಬರೆಯುವುದಕ್ಕೂ ಅದೇ ಜಾಗ.

ಹೂವನ್ನು ಕಾರ್ಡಿನ ನಡುವಿಗಿಂತ ಸ್ವಲ್ಪ ಕೆಳಗೆ ಇಡಿ. ಮೇಲೆ ಇಟ್ಟರೆ ಭಾರಕ್ಕೆ ಕಾರ್ಡು ಮುಂದಕ್ಕೆ ಬೀಳುತ್ತದೆ, ಶೋಕೇಸಿನಲ್ಲಿ ನಿಲ್ಲುವುದೇ ಇಲ್ಲ. ಎತ್ತರದ ಹೂವಿನ ಕಾರ್ಡುಗಳನ್ನು ನಾನು ಸಂಕ್ರಾಂತಿಗೆ ಎತ್ತಿಡುತ್ತೇನೆ, ಎಳ್ಳು ಬೀರಲು ಹೋದಾಗ ಕೈಯಲ್ಲೇ ಕೊಡಬಹುದಲ್ವಾ, ಕವರ್ ಚಿಂತೆಯಿಲ್ಲ. ಬರೆಯುವ ಮೊದಲು ಮಾತ್ರ ಅದೇ ಪೇಪರಿನ ಚೂರಿನ ಮೇಲೆ ಪೆನ್ನು ಆಡಿಸಿ ನೋಡಿ, ಕೈಯಲ್ಲಿ ತಯಾರಿಸಿದ ಕಾಗದವಾದರೆ ಇಂಕು ಪೆನ್ನಿನ ಅಕ್ಷರ ಹರಡಿಕೊಳ್ಳುವುದು ಜಾಸ್ತಿ, ಬಾಲ್ ಪೆನ್ನಿಗೆ ಆ ತೊಂದರೆಯಿಲ್ಲ.