ಕ್ರಮವಿಲ್ಲದ ಆಕಾರಗಳ ಘನಫಲವನ್ನು ಕಂಡುಹಿಡಿಯುವ ಬಗೆ

ಉದ್ದ, ಅಗಲ, ಎತ್ತರಗಳನ್ನು ಗುಣಿಸಿದರೆ ಇಟ್ಟಿಗೆಯ ಘನಫಲ ದೊರೆಯುತ್ತದೆ; ಇಳಕಲ್ಲಿನ ಗಣಿಯಲ್ಲಿ ಒಡೆದ ಗ್ರಾನೈಟ್ ತುಂಡಿಗೆ ಆ ಸೂತ್ರ ನಡೆಯುವುದಿಲ್ಲ. ನೀರಿನಲ್ಲಿ ಮುಳುಗಿಸಬಹುದಾದ ವಸ್ತುವಾದರೆ ತೂಕದ ವಿಧಾನವೇ ಉತ್ತಮ. ಕಲ್ಲನ್ನು ದಾರದಿಂದ ಸ್ಪ್ರಿಂಗ್ ತಕ್ಕಡಿಗೆ ಕಟ್ಟಿ ಮೊದಲು ಹಾಗೆಯೇ ತೂಗಿ, ಅನಂತರ ಬಕೆಟ್ಟಿನ ತಳಕ್ಕಾಗಲಿ ಬದಿಗಾಗಲಿ ತಾಗದಂತೆ ಪೂರ್ತಿ ಮುಳುಗಿಸಿ ತೂಗಬೇಕು. 5.4 ಕಿಲೋ ಇದ್ದದ್ದು ನೀರಿನಲ್ಲಿ 3.4 ಕಿಲೋ ತೋರಿದರೆ, ಕಡಿಮೆಯಾದ 2 ಕಿಲೋ ಕಲ್ಲು ಸರಿಸಿದ ನೀರಿನ ತೂಕ; ಒಂದು ಲೀಟರ್ ನೀರು ಸುಮಾರು ಒಂದು ಕಿಲೋ ತೂಗುವುದರಿಂದ, ಅದೆಂದರೆ 2 ಲೀಟರ್ ಘನಫಲ. ಬಾದಾಮಿಯ ಮರಳುಗಲ್ಲು ನೀರು ಹೀರುವುದರಿಂದ ಅದನ್ನು ರಾತ್ರಿಯಿಡೀ ನೆನೆಸಿ, ಮೇಲ್ಮೈ ಒರೆಸಿದ ಬಳಿಕವೇ ಎರಡೂ ಸಲ ತೂಗಬೇಕು. ಬೆಲ್ಲದ ಪೆಂಟೆ ಕರಗುವ ವಸ್ತು. ಅದಕ್ಕೆ ನೀರಿನ ಬದಲು ಸಾಸಿವೆ ಬಳಸಿ, ಮೊದಲು ಪಾತ್ರೆಯನ್ನು ಸಾಸಿವೆಯಿಂದ ಮಟ್ಟಸವಾಗಿ ತುಂಬಿ ಬೇರೆಡೆ ಸುರಿದುಕೊಂಡು, ಪೆಂಟೆಯನ್ನು ಇಟ್ಟು ಅದೇ ಸಾಸಿವೆಯಿಂದ ಪಾತ್ರೆಯನ್ನು ಮತ್ತೆ ಮಟ್ಟಸವಾಗಿ ತುಂಬಿದಾಗ ಮಿಗುವ ಸಾಸಿವೆಯನ್ನು ಅಳೆದರಾಯಿತು.

ಮುಳುಗಿಸಲಾಗದ್ದನ್ನು ಪದರುಗಳಾಗಿ ಕಲ್ಪಿಸಿಕೊಳ್ಳಬೇಕು. ವಿಜಯಪುರದ ಕಡೆಯ ಹೊಲಗಳಲ್ಲಿ ಕಾಣುವ ಕೃಷಿ ಹೊಂಡವನ್ನೇ ತೆಗೆದುಕೊಳ್ಳೋಣ: ಮೇಲೆ 20 ಮೀಟರ್ ಚೌಕ, ತಳದಲ್ಲಿ 11 ಮೀಟರ್ ಚೌಕ, ಆಳ 3 ಮೀಟರ್. ಮೇಲಿನ 400 ಮತ್ತು ತಳದ 121 ಚದರ ಮೀಟರ್‌ಗಳ ಸರಾಸರಿಯನ್ನು ಆಳದಿಂದ ಗುಣಿಸುವ ರೂಢಿ ವ್ಯಾಪಕವಾಗಿದ್ದರೂ, ಅದು ಕೊಡುವ 781.5 ಘನ ಮೀಟರ್ ನಿಜಕ್ಕಿಂತ ಹೆಚ್ಚು. ನಡು ಆಳದಲ್ಲಿ ಬದಿ 15.5 ಮೀಟರ್, ವಿಸ್ತೀರ್ಣ 240.25 ಚದರ ಮೀಟರ್. ಮೇಲಿನ ವಿಸ್ತೀರ್ಣ, ನಡುವಿನದರ ನಾಲ್ಕು ಪಟ್ಟು, ತಳದ ವಿಸ್ತೀರ್ಣ, ಈ ಮೂರನ್ನೂ ಕೂಡಿಸಿದ 1,482ನ್ನು ಆಳದಿಂದ ಗುಣಿಸಿ 6ರಿಂದ ಭಾಗಿಸಿದರೆ 741 ಘನ ಮೀಟರ್, ಅಂದರೆ 7,41,000 ಲೀಟರ್ ಬರುತ್ತದೆ. ಸರಾಸರಿಯ ಲೆಕ್ಕ ನಂಬಿದ ರೈತ ಹೊಂಡದಲ್ಲಿ ಇಲ್ಲದ 40,500 ಲೀಟರ್ ನೀರನ್ನು ಬೆಳೆಗೆ ಲೆಕ್ಕ ಹಿಡಿದಿರುತ್ತಾನೆ. ಬರದ ಜಿಲ್ಲೆಯಲ್ಲಿ ಇದು ಸಣ್ಣ ತಪ್ಪಲ್ಲ.

ಅಂಚು ಕುಸಿದು ಹೊಂಡ ಅಂಕುಡೊಂಕಾಗಿದ್ದರೆ ಉದ್ದಕ್ಕೆ ಹಗ್ಗ ಎಳೆದು, ಪ್ರತಿ 2 ಮೀಟರಿಗೆ ಒಂದರಂತೆ ಅಡ್ಡಗಲಗಳನ್ನು ಅಳೆಯಬೇಕು. ಮೊದಲ ಮತ್ತು ಕೊನೆಯ ಅಳತೆಗಳ ಅರ್ಧವನ್ನು, ಉಳಿದವನ್ನು ಪೂರ್ತಿಯಾಗಿ ಕೂಡಿಸಿ 2ರಿಂದ ಗುಣಿಸಿದರೆ ಆ ಮಟ್ಟದ ವಿಸ್ತೀರ್ಣ ಸಿಗುತ್ತದೆ. ಮೇಲೆ, ನಡುವೆ, ತಳದಲ್ಲಿ ಹೀಗೆ ಅಳೆದ ಮೂರು ವಿಸ್ತೀರ್ಣಗಳನ್ನು ಅದೇ ಸೂತ್ರಕ್ಕೆ ಹಾಕಬೇಕು. ಈ ಅಳತೆಗೆ ಹೊಂಡ ಒಣಗಿರುವ ಬೇಸಿಗೆಯೇ ತಕ್ಕ ಕಾಲ. ಹೂಳು ಎಷ್ಟು ತುಂಬಿದೆ ಎಂಬುದೂ ಆಗಲೇ ಸರಿಯಾಗಿ ತಿಳಿಯುತ್ತದೆ.